ಬಚ್ಚಲಕ್ಕೊಂದು ಹಲಗೆ

ಆಗಸ್ಟ್ 11, 1986, ಸೋಮವಾರ. ಅಫಜಲಪುರ

ಸಾರಿಗೆ ಸಂಸ್ಥೆಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇಷ್ಟು ದಿನ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಇವತ್ತು ಇಳಿಸಿದೆ. ಸಿಟ್ಟನ್ನು ಎಲ್ಲಾದರೂ ಇಡಬೇಕಲ್ಲ.

ಬೆಳಿಗ್ಗೆ ಜೇವರ್ಗಿ ಬಸ್ಸಿಗೆ ಮಗಳು ಗೌರಾಬಾಯಿಯನ್ನು ಹತ್ತಿಸಿ ಬಂದೆ. ಮೂರು ವಾರ ಇದ್ದು ತಾಯಿಯ ಸೇವೆ ಮಾಡಿದಳು. ಇನ್ನೂ ಇರು ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳಿಗೂ ಅತ್ತೆಮನೆ ಇದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಬಸ್ಸಿನ ಕಿಟಕಿಯಿಂದ ಮತ್ತೊಮ್ಮೆ ಹೇಳಿದಳು: "ಅಪ್ಪಾ, ಅವ್ವನ ಪ್ಲಾಸ್ಟರ್ ಬಿಚ್ಚೋದ್ರೊಳಗ ಬಚ್ಚಲಕ್ಕೊಂದು ಕಟ್ಟಿಗಿ ಹಲಿಗಿ ಮಾಡಸ್ರಿ. ಡಾಕ್ಟರೂ ಅದನ್ನೇ ಹೇಳ್ಯಾರ. ಇನ್ನೊಮ್ಮಿ ಜಾರಿದ್ರ ಆ ಎಲುಬು ಕೂಡಂಗಿಲ್ಲ."

ಬಸ್ ನಿಲ್ದಾಣದ ಕಂಟ್ರೋಲರ್ ನಾನು. ಮೂರು ತಾಲೂಕಿನ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಕಳಿಸುವವನಿಗೆ ಒಂದು ಹಲಗೆ ಯಾವ ದೊಡ್ಡ ಮಾತು? ವಾರದಲ್ಲಿ ಮುಗಿಸುತ್ತೇನೆ ಎಂದೆ.

ಹೆಂಡತಿ ಸುಭದ್ರಾಬಾಯಿ ಬಿದ್ದು ಕಾಲು ಮುರಿದುಕೊಂಡದ್ದು ನಮ್ಮ ಬಚ್ಚಲದಲ್ಲೇ. ಎರಡು ವರ್ಷದ ಹಿಂದೆ ಈ ಮನೆ ಕಟ್ಟಿಸಿದಾಗ ಬಚ್ಚಲಕ್ಕೂ ಶಹಾಬಾದ ಕಲ್ಲು ಹಾಸಿಸಿ, ಮುಖ ಕಾಣುವ ಹಾಗೆ ಪಾಲಿಶ್ ಹೊಡೆಸಿದ್ದೆ. ಊರಲ್ಲಿ ಯಾರ ಬಚ್ಚಲವೂ ಹಾಗಿಲ್ಲ. ದವಾಖಾನೆಯಲ್ಲಿ ಮಲಗಿದವಳು, "ಕಾಲಿಟ್ರ ನಿಲ್ಲಂಗಿಲ್ಲ ನೋಡ್ರಿ ನಿಮ್ಮ ಕಲ್ಲು" ಎಂದಳು. "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ. ನೋಡಿ ಕಾಲಿಡಬೇಕಲ್ಲ" ಎಂದೆ ನಾನು. ಅಂದದ್ದರಲ್ಲಿ ತಪ್ಪೇನಿಲ್ಲ. ಅದೇ ಕಲ್ಲಿನ ಮೇಲೆ ನಾನೂ ದಿನಾ ಸ್ನಾನ ಮಾಡುತ್ತೇನೆ. ನಾನು ಎಲ್ಲೂ ಜಾರಿ ಬಿದ್ದವನಲ್ಲ.

ಈಗಿನ ಸಂಕಟ ಬೇರೆ. ಶ್ರಾವಣ ಸೋಮವಾರ. ಸ್ನಾನವಾಗದೆ ಅವಳು ಲಿಂಗಪೂಜೆಗೆ ಕೂಡುವುದಿಲ್ಲ, ಪೂಜೆಯಾಗದೆ ಹನಿ ನೀರು ಮುಟ್ಟುವುದಿಲ್ಲ. ಪಕ್ಕದ ಮನೆಯ ಕುಲಸುಮಬಿ ತಾನು ಬಂದು ನೀರು ಹಾಕುತ್ತೇನೆ ಎಂದಿದ್ದಳು. ಆದರೆ ತನ್ನ ಮನೆಯ ಕೆಲಸ ಮುಗಿಸಿ ಬರುವ ಹೊತ್ತಿಗೆ ಸೂರ್ಯ ನೆತ್ತಿಗೆ ಬರುತ್ತಾನೆ. ನಾನು ಮಧ್ಯಾಹ್ನ ಊಟಕ್ಕೆ ಬಂದರೆ ಇವಳು ಬಚ್ಚಲದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಡಿ ಸೀರೆ ತೊಡೆಯ ಮೇಲಿಟ್ಟುಕೊಂಡು ಹಾಗೆಯೇ ಕೂತಿದ್ದಾಳೆ. ತುಟಿ ಒಣಗಿತ್ತು. ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದುದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ನಾಳೆಯಿಂದ ನಾನೇ ನೀರು ಹಾಕುತ್ತೇನೆ. ಹಲಗೆ ಬರುವವರೆಗೆ ಮಾತ್ರ.

ಆಗಸ್ಟ್ 12

ನೀರು ಕಾಯಿಸುವುದೂ ಒಂದು ವಿದ್ಯೆ ಎಂದು ಯಾರಿಗೆ ಗೊತ್ತಿತ್ತು? ಒಲೆಗೆ ತೊಗರಿ ಕಟ್ಟಿಗೆ ಇಟ್ಟರೆ ಬರೀ ಹೊಗೆ. ಕಡ್ಡಿಪೆಟ್ಟಿಗೆ ಎಲ್ಲಿ ಎಂದರೆ "ಇದ್ದಲ್ಲೇ ಅದ" ಎಂಬ ಉತ್ತರ. ಪ್ಲಾಸ್ಟರಿಗೆ ನೀರು ತಾಕದಂತೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಬೇಕು. ಅದನ್ನು ಕಟ್ಟುವುದರಲ್ಲೇ ನಾನು ಬೆವರಿದೆ.

ಬಚ್ಚಲದ ಬಾಗಿಲು ಮುಚ್ಚುವುದಿಲ್ಲ. ಮಳೆಗಾಲ ಬಂದರೆ ಉಬ್ಬಿ ಚೌಕಟ್ಟಿನಲ್ಲಿ ಕೂಡುವುದಿಲ್ಲ. ಮಾಡಿದವನು ಕುಲಸುಮಬಿಯ ಗಂಡ, ಬಡಿಗ ಮೌಲಾಲಿ. ಈ ಬಾಗಿಲ ಸಲುವಾಗಿ ನನಗೂ ಅವನಿಗೂ ಎರಡು ವರ್ಷದಿಂದ ಮಾತಿಲ್ಲ. ಹಾಗಾಗಿ ಹಿತ್ತಲ ಬಾಗಿಲಿಗೇ ಅಗಳಿ ಹಾಕಿದೆ. ಕಂಟ್ರೋಲರ್ ಹೆಂಡತಿಗೆ ನೀರು ಎರೆಯುತ್ತಾನೆ ಎಂದು ಗೊತ್ತಾದರೆ ನಾಳೆ ನಾನು ಸೀಟಿ ಊದಿದರೆ ಯಾವ ಡ್ರೈವರ್ ಬಸ್ಸು ನಿಲ್ಲಿಸಿಯಾನು?

ಕುರ್ಚಿಯ ಮೇಲೆ ಬೆನ್ನು ನನ್ನ ಕಡೆ ಮಾಡಿ ಕೂತಳು. ನಾನು ಗೋಡೆ ನೋಡುತ್ತ ಚರಿಗೆ ಬಗ್ಗಿಸಿದೆ. ಅರ್ಧ ನೀರು ನೆಲಕ್ಕೆ, ಅರ್ಧ ನನ್ನ ಧೋತರಕ್ಕೆ.

"ಹೊಲಕ್ಕ ನೀರು ಬಿಟ್ಟಂಗ ಬಿಡಾಕತ್ತೀರಲ್ರಿ" ಎಂದಳು.

ಆಗಸ್ಟ್ 14

ಬಚ್ಚಲದ ಕಲ್ಲಿಗೆ ಉಳಿ ಹೊಡೆದು ಒರಟು ಮಾಡಿಸಿದರೆ ಹಲಗೆಯ ಗೊಡವೆಯೇ ಬೇಡ ಎಂದುಕೊಂಡು ಗೌಂಡಿಯನ್ನು ಕರೆಸಿದೆ. ಪಾಲಿಶ್ ಹಿಡಿದ ಕಲ್ಲು ತೆಳ್ಳಗಾಗಿದೆ, ಹೊಡೆದರೆ ಸೀಳುತ್ತದೆ ಎಂದ. ಬಜಾರದ ಬಡಿಗ ನಾಗಣ್ಣನಿಗೆ ಹಲಗೆ ಹೇಳಿದೆ. ನಾಲ್ಕು ದಿನದಲ್ಲಿ ಕೊಡುತ್ತಾನಂತೆ.

ಇನ್ನು ನಾಲ್ಕು ದಿನ ಈ ಹೊಗೆ.

ಆಗಸ್ಟ್ 20

ಇವತ್ತು ಒಂದು ಸಂಗತಿ ಕಂಡೆ. ಸುಭದ್ರೆಯ ಎಡಭುಜದ ಕೆಳಗೆ ಹಳೆಯ ಗಾಯದ ಗೆರೆಯಿದೆ, ಬೆರಳುದ್ದ. ಮೂವತ್ತು ವರ್ಷದ ಮೇಲೆ ಸಂಸಾರ ಮಾಡಿದವನ ಕಣ್ಣಿಗೆ ಅದು ಇವತ್ತು ಬಿತ್ತು.

"ಇದೇನಿದು?" ಎಂದೆ.

"ತವರಮನ್ಯಾಗಿದ್ದಾಗ ಯಡ್ರಾಮಿ ಬಾವಿ ಮೆಟ್ಟಲ ತರಚಿದ್ದು. ಈಜು ಕಲಿಯಾಗ ಬೆನ್ನಿಗೆ ಒಣ ಸೋರಿಬುರುಡಿ ಕಟ್ಟಿದ್ರು. ಹಗ್ಗ ಹರೀತು."

"ನಿನಗ ಈಜು ಬರ್ತದ?"

"ಬರ್ತದ್ರಿ. ದಂಡಿ ಮ್ಯಾಲಿಂದ ಜಿಗೀತಿದ್ದೆ."

ನಾನು ಚರಿಗೆ ಹಿಡಿದುಕೊಂಡೇ ನಿಂತೆ. ಭೀಮೆಯ ದಂಡೆಗೆ ಹೋದಾಗಲೆಲ್ಲ, ನೀರಂದ್ರ ನಿನಗ ಗೊತ್ತಿಲ್ಲ, ದೂರ ನಿಲ್ಲು ಎಂದು ಇವಳನ್ನು ಗದರಿಸಿದವನು ನಾನು. ಇವಳು ಸೆರಗು ಹೊದ್ದು ದೂರವೇ ನಿಲ್ಲುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದರೆ, "ನಿಮಗ ಈಜು ಬರಂಗಿಲ್ಲಂತ ಅತ್ತಿ ಹೇಳಿದ್ರು. ಮತ್ತ ನನಗ ಬರ್ತದಂತ ನಾ ಹ್ಯಾಂಗ ಹೇಳಲಿ?" ಎಂದಳು. ನೀರು ಆರುತ್ತದೆ, ಹಾಕ್ರಿ ಎಂದಳು.

ಬೆನ್ನು ಕೊಟ್ಟು ಕೂತರೆ ಇವಳಿಗೆ ಮಾತು ಬರುತ್ತದೆ. ಎದುರು ಕೂತಾಗ ಉಪ್ಪು ಬೇಕೇನ್ರಿ, ರೊಟ್ಟಿ ಹಾಕಲೇನ್ರಿ, ಅಷ್ಟೇ.

ಆಗಸ್ಟ್ 24

ನಾಗಣ್ಣನ ಹಲಗೆ ಬಂದು ಐದು ದಿನವಾಯಿತು. ಮಾವಿನ ಕಟ್ಟಿಗೆ. ನೀರು ಕುಡಿದು ಉಬ್ಬಿ, ನಡುವೆ ಬೆನ್ನು ಎತ್ತಿ, ಮೇಲೆಲ್ಲ ಲೋಳೆ. ಇವತ್ತು ಅದರ ಮೇಲಿಟ್ಟ ಕುರ್ಚಿ ಹೊಯ್ದಾಡಿತು. ಸುಭದ್ರೆ ಒಂದು ಕಡೆ ವಾಲಿದಳು. ಹಂಡೆ ಉರುಳಿದರೆ ಉರುಳಲಿ ಎಂದು ನಾನು ಎರಡೂ ಕೈಯಿಂದ ಹಿಡಿದುಕೊಂಡೆ. ಅವಳ ಎದೆ ಹಕ್ಕಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ನನ್ನದೂ.

ಹಲಗೆಯನ್ನು ನಾಗಣ್ಣನ ಅಂಗಡಿಯ ಮುಂದೆ ಒಗೆದು ಬಂದೆ. ನನಗೆ ಬಹಳ ಹೆದರಿಕೆಯಾಯಿತು. ಇದನ್ನು ಯಾರಿಗೂ ಹೇಳುವುದಿಲ್ಲ.

ಆಗಸ್ಟ್ 29

ಗೌರಾ ಜೇವರ್ಗಿಯಿಂದ ಬಸ್ಸಿನ ಮೇಲೆ ಒಂದು ಹಲಗೆ ಕಳಿಸಿದ್ದಾಳೆ. ಗಟ್ಟಿ ಇದೆ. ಆದರೆ ಮದುವೆಯ ಮಣೆಯಂತೆ ಕೆಂಪಗೆ ಪಾಲಿಶ್ ಮಾಡಿಸಿದ್ದಾಳೆ ಹುಚ್ಚಿ! ನೀರು ಬಿದ್ದರೆ ಕಲ್ಲಿಗಿಂತ ಜಾರುತ್ತದೆ. ಪಾಲಿಶ್ ಮಾಡಿಸುವ ಚಟ ಯಾರಿಂದ ಬಂತೋ ಎಂದಳು ಸುಭದ್ರೆ. ಹಲಗೆಯನ್ನು ಅಡುಗೆಮನೆಯಲ್ಲಿ ಗೋಡೆಗೆ ಆನಿಸಿ ಇಟ್ಟೆ.

ತೊಗರಿ ಕಟ್ಟಿಗೆಗೆ ಮೊದಲು ಬುಡದಲ್ಲಿ ತೆಳ್ಳನೆಯ ಕಡ್ಡಿ ಇಡಬೇಕು. ಈಗ ಹೊಗೆ ಬರುವುದಿಲ್ಲ.

ಸೆಪ್ಟೆಂಬರ್ 3

ನಿನ್ನೆ ಗುಲಬರ್ಗಾದಲ್ಲಿ ಪ್ಲಾಸ್ಟರ್ ಕತ್ತರಿಸಿದರು. ಒಳಗಿನಿಂದ ಬಂದ ಕಾಲು ನೋಡಿದೆ. ಬೆಳ್ಳಗೆ, ಜೋಳದ ದಂಟಿನಷ್ಟು ಸಣ್ಣಗೆ. ನೆಲಕ್ಕೆ ಊರಿದರೆ ನಡುಗುತ್ತದೆ. ಕಲ್ಲಿನ ಮೇಲೆ ಅಂಗಾಲು ಇಟ್ಟ ಕೂಡಲೇ ನನ್ನ ತೋಳು ಬಿಗಿಯಾಗಿ ಹಿಡಿಯುತ್ತಾಳೆ. ಕಲ್ಲಿಗೆ ಹೆದರಿದ್ದಾಳೆ. ಜಾರದ ಹಲಗೆ ಬೇಕೇ ಬೇಕು.

ಇವತ್ತು ಬಿಸಿನೀರು ಹಾಕುತ್ತ ನಾನೇ ಮಾತು ತೆಗೆದೆ. ಗೊಬ್ಬೂರಿನ ನಮ್ಮ ದೊಡ್ಡ ಮನೆ. ಮದುವೆಯಾದ ಹೊಸತು. ಮನೆ ತುಂಬ ಮಂದಿ, ಹಗಲಲ್ಲಿ ಗಂಡ ಹೆಂಡತಿ ಮಾತಾಡುವ ಹಾಗಿಲ್ಲ. ಬಚ್ಚಲವೆಂದರೆ ದನದ ಕೊಟ್ಟಿಗೆಯ ಹಿಂದೆ ತೊಗರಿ ಕಟ್ಟಿಗೆಯ ತಡಿಕೆ ಅಷ್ಟೇ. ಬಾವಿಯಿಂದ ಎತ್ತುಗಳು ಎಳೆದು ಹಾಕಿದ ನೀರು ಕಾಲುವೆಯಲ್ಲಿ ಬಂದು ಅಲ್ಲಿನ ತೊಟ್ಟಿಗೆ ಬೀಳುತ್ತಿತ್ತು. ಮನೆಯವರೆಲ್ಲ ಏಳುವ ಮೊದಲೇ ಇವಳ ಸ್ನಾನ. ನಾನು ಕೌದಿಯೊಳಗೆ ಎಚ್ಚರವಾಗಿ ಮಲಗಿ, ನೀರಿನ ಜೊತೆ ಬರುವ ಬಳೆಯ ಸಪ್ಪಳ ಕೇಳುತ್ತಿದ್ದೆ. ಅಷ್ಟು ಹೆಂಗಸರಲ್ಲಿ ಇವಳ ಬಳೆ ಯಾವುದೆಂದು ನನಗೆ ಗೊತ್ತಾಗುತ್ತಿತ್ತು.

ಅದನ್ನು ಇವತ್ತು ಹೇಳಿಬಿಟ್ಟೆ. ಯಾಕೆ ಹೇಳಿದೆನೋ.

ಅವಳು ಬೆನ್ನು ತಿರುಗಿಸಿಯೇ ಕೂತಿದ್ದಳು. "ಆ ಥಂಡ್ಯಾಗ ನಾ ಗಡಗಡ ನಡುಗಿಕೋತ ಎರಕೊಂತಿದ್ರ ನೀವು ಕೌದ್ಯಾಗ ಬೆಚ್ಚಗ ಮಲಗಿ ಬಳಿ ಸಪ್ಪಳ ಕೇಳ್ತಿದ್ರಿ?" ಎಂದಳು. ಬೈದಳೆಂದು ತಿಳಿದೆ. ಆದರೆ ಆಮೇಲೆ ಇಡೀ ದಿನ ಅವಳ ಮುಖದಲ್ಲಿ ಏನೋ ಇತ್ತು.

ಸೆಪ್ಟೆಂಬರ್ 9. ಆಳಂದ

ಬರೆಯಲಿಕ್ಕೂ ನಾಚಿಕೆ.

ಆಳಂದ ನಿಲ್ದಾಣದ ಕಂಟ್ರೋಲರ್ ರಜೆಯಲ್ಲಿದ್ದಾನೆಂದು ಎರಡು ದಿನ ನನ್ನನ್ನು ಇಲ್ಲಿ ಹಾಕಿದ್ದಾರೆ. ಕುಲಸುಮಬಿಗೆ ನೀರಿನ ವಿಷಯ ಎಲ್ಲ ಹೇಳಿ ಬಂದಿದ್ದೇನೆ: ಮೊದಲು ತಣ್ಣೀರು, ಮೇಲೆ ಬಿಸಿನೀರು, ಕೈ ಅದ್ದಿ ನೋಡಬೇಕು, ಕಾಲು ಮೊದಲು ತೋಯಿಸಬೇಕು. "ಅಣ್ಣಾರ, ನಾ ಆರು ಮಕ್ಕಳಿಗೆ ಎರದೇನ್ರಿ" ಎಂದು ನಕ್ಕಳು. ನಗಲಿ.

ಮಧ್ಯಾಹ್ನ ಡ್ರೈವರ್ ಸರ್ದಾರನ ಜೊತೆ ಚಹಾ ಕುಡಿಯಲು ಹೋದೆ. ಹೊಟೇಲಿನ ಹಿಂದೆ ಹೊಂದಿಕೊಂಡ ಬೇರೊಂದು ಅಂಗಳದಲ್ಲಿ ಬಿಸಿಲಿಗೆ ಒಂದು ಉದ್ದನೆಯ ಹಲಗೆ ಹಾಕಿದ್ದರು. ನೋಡಿದ ಕೂಡಲೇ ನನ್ನ ಕಣ್ಣು ಅರಳಿತು. ಸಾಗವಾನಿ ಪಟ್ಟಿಗಳು, ಪಟ್ಟಿ ಪಟ್ಟಿಯ ನಡುವೆ ನೀರು ಇಳಿಯಲು ಸಂದು. ಎಲ್ಲೂ ಕಬ್ಬಿಣದ ಮೊಳೆಯಿಲ್ಲ, ಕಟ್ಟಿಗೆಯ ಗೂಟ ಹೊಡೆದು ಕೂಡಿಸಿದ್ದಾರೆ. ವರ್ಷಗಟ್ಟಲೆ ನೀರು ಉಂಡಿದೆ, ಒಂದು ಎಳೆ ಬಿರುಕಿಲ್ಲ. ನನಗೆ ಬೇಕಾದದ್ದು ಇದೇ! ಒಳಗೆ ಹೋಗಿ ಕೈಯಾಡಿಸಿದೆ. ಜಾರುತ್ತದೆಯೋ ಇಲ್ಲವೋ ಎಂದು ಚಪ್ಪಲಿ ಬಿಟ್ಟು ಒಂದು ಕಾಲು ಇಟ್ಟೂ ನೋಡಿದೆ.

ಬಿಳಿ ಗಡ್ಡದ ಹಿರಿಯರೊಬ್ಬರು ಹೊರಗೆ ಬಂದರು. ಹುಸೇನಸಾಬ ಎಂದು ಆಮೇಲೆ ತಿಳಿಯಿತು.

"ಇದನ್ನ ಯಾರು ಮಾಡ್ಯಾರ್ರಿ? ನಮ್ಮ ಮನಿಗೊಂದು ಬೇಕಾಗ್ಯದ. ಭಾಳ ಅವಸರ ಅದ" ಎಂದೆ.

ಅವರ ಮುಖ ಮೆತ್ತಗಾಯಿತು. "ಯಾರು ಹೋದ್ರು ಸಾಹೇಬ್ರ?"

"ಯಾರೂ ಹೋಗಿಲ್ಲ. ನನ್ನ ಹೆಂಡತಿ ಜಳಕಕ್ಕ."

ಸರ್ದಾರ ಹಿಂದಿನಿಂದ ನನ್ನ ಅಂಗಿ ಜಗ್ಗಿದ. ಕಿವಿಯಲ್ಲಿ ಹೇಳಿದ: "ಸಾಹೇಬ್ರ, ಕಾಲು ತಗೀರಿ. ಇದು ಮಸೀದಿ ಅಂಗಳ, ಅದು ಮಸೀದಿ ತಖ್ತಾರಿ. ಸತ್ತಾವ್ರಿಗೆ ಜಳಕ ಮಾಡಸೋದು."

ಕಾಲು ತೆಗೆದೆ. ನೆಲ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಇಳಿಯುತ್ತಿದ್ದೆ. ಹುಸೇನಸಾಬರು ಸಿಟ್ಟಾಗಲಿಲ್ಲ. ಕೂಡಿಸಿ ಚಹಾ ತರಿಸಿದರು. ಸಂಗತಿಯೆಲ್ಲ ಕೇಳಿದರು. "ಒಂದಿಲ್ಲೊಂದಿನ ಎಲ್ಲಾರಿಗೂ ಬ್ಯಾರೇದಾವ್ರೇ ನೀರು ಹಾಕೋದ್ರಿ. ಜೀವ ಇರೋತನಕ ತಮ್ಮಾವ್ರ ಕೈಲೆ ಹಾಕಿಸ್ಕೊಳ್ಳಾಕ ನಸೀಬ ಬೇಕು" ಎಂದರು. ಅದನ್ನು ಮಾಡಿದ ಬಡಿಗ ಇಲ್ಲೇ ಇದ್ದಾನಂತೆ. ಅದೇ ಕಸುಬಿನಲ್ಲಿ ಬಚ್ಚಲಕ್ಕೆ ಒಂದು ಸಣ್ಣದು ಮಾಡಿಸಿ ಸರ್ದಾರನ ಬಸ್ಸಿಗೆ ಹಾಕಿ ಕಳಿಸುತ್ತಾರಂತೆ.

ಸುಭದ್ರೆಗೆ ಹೇಳುವುದೋ ಬಿಡುವುದೋ. ಅಪಶಕುನ ಎಂದಾಳು.

ಸೆಪ್ಟೆಂಬರ್ 11

ಹೇಳಿದೆ. ಮೊದಲ ಚರಿಗೆ ಹಾಕಿದಾಗ ಶುರು ಮಾಡಿ, ತಖ್ತಾದ ಮೇಲೆ ಕಾಲಿಟ್ಟಲ್ಲಿಗೆ ನಿಲ್ಲಿಸಿದೆ. ಬೆನ್ನು ಅಲುಗಾಡತೊಡಗಿತು. ಅಳುತ್ತಾಳೆಂದು ಗಾಬರಿಯಾಗಿ ಮುಂದೆ ಬಂದು ನೋಡಿದರೆ ನಗುತ್ತಿದ್ದಾಳೆ! ಕೆಮ್ಮು ಬರುವವರೆಗೆ ನಕ್ಕಳು. "ಅವಸರ ಅದ ಅಂದ್ರೀ? ನನ್ನ ಸಲುವಾಗಿ?" ಎಂದು ಮತ್ತೆ ನಕ್ಕಳು. ಬಿದ್ದ ದಿನದಿಂದ ಇವಳು ನಕ್ಕದ್ದು ಇದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಚರಿಗೆ ಹಂಡೆಯೊಳಗೆ ಬಿಟ್ಟೆ.

"ನೀವು ನನ್ನ ನೋಡಾಕ ಬಂದ ದಿನ ಹಿಂಗ ನಕ್ಕಿದ್ದೆ" ಎಂದಳು ಕಣ್ಣು ಒರೆಸಿಕೊಂಡು.

"ಆ ದಿನ ನಗೂವಂಥಾದ್ದು ಏನಾಗಿತ್ತು?"

"ಈಗ ಹೇಳಂಗಿಲ್ಲ. ನನ್ನ ಕೈಲೆ ನಾ ಎರಕೊಂಡ ದಿನ ಹೇಳ್ತೇನಿ."

ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಯಡ್ರಾಮಿಯಲ್ಲಿ ಆ ದಿನ ನಗುವಂಥದ್ದು ಏನೂ ನಡೆದಿಲ್ಲ. ಹಿರಿಯರು ಕೂಡ್ರಿ ಕೂಡ್ರಿ ಎಂದರೂ ನಾನು ಕೂಡಲಿಲ್ಲ, ಕೊನೆಯವರೆಗೆ ಗೋಡೆಗೆ ಬೆನ್ನು ಹಚ್ಚಿ ನಿಂತೇ ಇದ್ದೆ. ವರನಿಗೆ ದೊಡ್ಡವರೆಂದರೆ ಎಷ್ಟು ಮರ್ಯಾದೆ ಎಂದು ನಮ್ಮ ಮಾವ ಸಾಯುವವರೆಗೂ ಹತ್ತು ಮಂದಿಯ ಮುಂದೆ ಹೊಗಳುತ್ತಿದ್ದರು.

ಸೆಪ್ಟೆಂಬರ್ 22

ಆಳಂದದ ಹಲಗೆ ಬಂತು. ಸರ್ದಾರ ತಾನೇ ಹೊತ್ತು ತಂದು ಬಚ್ಚಲದಲ್ಲಿ ಇಟ್ಟ. ಸಾಗವಾನಿ, ನುಣುಪಿಲ್ಲ, ಅಲುಗುವುದಿಲ್ಲ.

ಹಲಗೆಯ ಕಾಲು ಮಾತ್ರ ಸ್ವಲ್ಪ ಎತ್ತರ. ಹತ್ತುವಾಗ ಎಡವಿದರೆ? ನಾಲ್ಕು ಬೆರಳು ಎತ್ತರವೆಂದರೆ ಕಡಿಮೆಯೇನಲ್ಲ. ವಾಪಸು ಕಳಿಸಿದೆ. ಸುಭದ್ರೆ ಹೊಸ್ತಿಲಲ್ಲಿ ನಿಂತು ಹಲಗೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು.

ಸೆಪ್ಟೆಂಬರ್ 27

ಅವಳ ಅಪ್ಪನ ಕುದುರೆಯ ಕಥೆ ಇವತ್ತಿಗೆ ಮೂರನೆಯ ದಿನ. ಪೀರಸಾಬ ಎನ್ನುವವನಿಂದ ಕೊಂಡ ಕುದುರೆಯಂತೆ, ಸಂಜೆಯಾದರೆ ಸವಾರನನ್ನು ಹೊತ್ತುಕೊಂಡೇ ಹಳೆಯ ಧಣಿಯ ಮನೆಗೆ ಹೋಗಿ ನಿಲ್ಲುತ್ತಿತ್ತಂತೆ. ನೀರು ಮುಗಿಯುತ್ತದೆ, ಕಥೆ ಮುಗಿಯುವುದಿಲ್ಲ. ಸಣ್ಣ ಹಂಡೆ ಒಳಗಿಟ್ಟು ಅಟ್ಟದ ಮೇಲಿನ ದೊಡ್ಡ ಹಂಡೆ ಇಳಿಸಿದ್ದೇನೆ.

ಅಕ್ಟೋಬರ್ 3

ಕಾಲು ಗಿಡ್ಡ ಮಾಡಿ ಆಳಂದದ ಹಲಗೆ ಮತ್ತೆ ಬಂತು. ಎತ್ತರ ಈಗ ಸರಿ. ಆದರೆ ಸಂದು ದೊಡ್ಡದು. ಅವಳ ಕಾಲುಂಗುರ ಸಿಕ್ಕಿಕೊಂಡರೆ ಏನು ಗತಿ? ಇಂಥದ್ದನ್ನೆಲ್ಲ ಮೊದಲೇ ಯೋಚಿಸಬೇಕು. ವಾಪಸು ಒಯ್ಯಿ ಎಂದೆ.

ಸರ್ದಾರ ಹಲಗೆಯನ್ನು ಬಸ್ಸಿನ ಮೇಲೆ ಏರಿಸುತ್ತ, "ಸಾಹೇಬ್ರ, ಇದರ ಹೆಸರಿಲೆ ಒಂದು ಪಾಸ್ ಮಾಡಿಸಿ ಕೊಡ್ರಿ. ನನಗಿಂತ ಹೆಚ್ಚು ಇದೇ ತಿರಗಾಕತ್ಯದ" ಎಂದ. ಪ್ರಯಾಣಿಕರೂ ನಕ್ಕರು. ನಿಲ್ದಾಣದಲ್ಲಿ ಮೊದಲಿನ ಶಿಸ್ತು ಉಳಿದಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತ ಸುಭದ್ರೆ ಅಂದಳು, "ಬಗಲಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತ. ಮೌಲಾಲಿ ಗ್ವಾಡಿ ಆಚಿಗೇ ಇದ್ದಾನಲ್ರಿ."

ಬಾಗಿಲು ಕೂಡಿಸಲು ಬಾರದವನು ಹಲಗೆ ಏನು ಮಾಡಿಯಾನು ಎಂದೆ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಅಕ್ಟೋಬರ್ 12

ಇವತ್ತು ಕಥೆ ಇಲ್ಲ. ಹಂಡೆಯ ನೀರೆಲ್ಲ ಮುಗಿಯಿತು, ಅವಳು ತುಟಿ ಬಿಚ್ಚಲಿಲ್ಲ. ಸೀರೆ ಸುತ್ತಿಕೊಂಡು ಹೊರಗೆ ಬಂದ ಮೇಲೆ ಎದುರಿಗೇ ನಿಂತು ಕೇಳಿದಳು:

"ನಿಮಗ ಹಲಿಗಿ ಬೇಕಾಗ್ಯದೋ, ಬ್ಯಾಡಾಗ್ಯದೋ?"

"ಚಲೋದು ಸಿಗಬೇಕಲ್ಲ."

"ದೀಪಾವಳಿ ಬಂತು. ಆ ದಿನ ನಾ ನ್ಯಾಯಕ್ಕ ನಿಮಗ ನೀರು ಹಾಕಬೇಕು, ಆರತಿ ಮಾಡಬೇಕು. ಅದಕ್ಕಿಂತ ಮೊದಲು ನನ್ನ ಕೈಲೆ ನಾ ಎರಕೊಂಡು ಲಿಂಗ ಹಿಡೀಬೇಕು. ಮಂದಿ ಕೈಯಾಗ ಎಷ್ಟ ದಿನಂತ ಹಾಕಿಸ್ಕೊಳ್ಳಲಿ?"

ನಾನು ಮಂದಿಯೇ?

ಪೂಜೆಗೆ ಪತ್ರಿ ಕೊಯ್ದು ತಂದು ತಟ್ಟೆಯಲ್ಲಿಟ್ಟು ಡ್ಯೂಟಿಗೆ ಹೋದೆ. ಎರಡು ಬಸ್ಸು ತಡವಾಗಿ ಹೊರಟವು. ತಪ್ಪು ನನ್ನದೇ.

ಅಕ್ಟೋಬರ್ 21

ಗೊಬ್ಬೂರ ಬಸ್ಸಿನ ಮೇಲಿಂದ ಇವತ್ತು ಒಂದು ದೊಡ್ಡ ತೊಲೆಯ ತುಂಡು ಇಳಿಸಿದರು. ಯಾರದಿದು, ನಿಲ್ದಾಣದಲ್ಲಿ ಅಡ್ಡ ಹಾಕಬೇಡಿ ಎಂದು ಕೂಗಿಕೊಂಡು ಹೋದೆ. ಕಂಡಕ್ಟರ್, "ನಿಮ್ಮ ತಮ್ಮ ಶಿವರಾಯ ಗೌಡ್ರು ಹಾಕಿ ಕಳಿಸ್ಯಾರ್ರಿ. ಬಡಿಗ್ಯಾರ ಮೌಲಾಲಿಗೆ ಮುಟ್ಟಿಸ್ಬೇಕಂತ" ಎಂದ.

ಬಗ್ಗಿ ನೋಡಿದೆ. ಕರಿಜಾಲಿ. ಒಂದು ಮಗ್ಗುಲಿಗೆ ಹಗ್ಗ ತಿಕ್ಕಿ ತಿಕ್ಕಿ ಬಿದ್ದ ಗುಳಿ. ಬೆರಳಿಟ್ಟ ಕೂಡಲೇ ಗುರುತು ಸಿಕ್ಕಿತು. ಗೊಬ್ಬೂರಿನ ನಮ್ಮ ಬಾವಿಯ ಮೇಲಿನ ತೊಲೆ. ನನ್ನ ಅಜ್ಜ ಹಾಕಿಸಿದ್ದು. ಡೀಸೆಲ್ ಪಂಪು ಬಂದ ಮೇಲೆ ಎತ್ತುಗಳು ನಿಂತವು, ತೊಲೆ ಬಾವಿಯ ಬದಿಗೆ ಬಿದ್ದುಕೊಂಡಿತ್ತು. ಒಂದು ಆಯುಷ್ಯವೆಲ್ಲ ನೀರಲ್ಲಿ ತೋಯ್ದರೂ ಹುಳ ಹಿಡಿದಿಲ್ಲ, ಸೀಳಿಲ್ಲ. ಇಷ್ಟು ದಿನ ನನಗೆ ಇದು ನೆನಪಾಗಲಿಲ್ಲವಲ್ಲ! ಸುಭದ್ರೆಗೆ ನೆನಪಾಗಿದೆ. ಕುಲಸುಮಬಿಯ ಜೊತೆ ಕೂಡಿ, ತಮ್ಮನಿಗೆ ಹೇಳಿಕಳಿಸಿ, ನನಗೆ ಗೊತ್ತಾಗದಂತೆ ತರಿಸಿದ್ದಾಳೆ. ಅದೂ ನನ್ನದೇ ಬಸ್ಸಿನ ಮೇಲೆ.

ನನಗೆ ಬಹಳ ನೋವಾಯಿತು. ಆದರೂ ತೊಲೆಯ ಒಂದು ತುದಿಯನ್ನು ನಾನೇ ಹಿಡಿದು ಟಾಂಗಾಕ್ಕೆ ಏರಿಸಿದೆ.

ಅಕ್ಟೋಬರ್ 26

ಗೋಡೆಯ ಆಚೆ ಗರಗಸದ ಸಪ್ಪಳ. ಹಿತ್ತಲಲ್ಲಿ ಕಲ್ಲಿನ ಮೇಲೆ ಹತ್ತಿ ಇಣುಕಿದೆ. ಮೌಲಾಲಿ ತೊಲೆ ಸೀಳಿ ಪಟ್ಟಿ ಮಾಡಿಟ್ಟಿದ್ದ. ಒಳಗಿನ ಕಟ್ಟಿಗೆ ಕೆಂಪಗೆ, ನಿನ್ನೆ ಕಡಿದಂತಿತ್ತು. ತಲೆ ಎತ್ತಿ ನೋಡಿದ.

ಎರಡು ವರ್ಷದ ಮೇಲೆ ಏನು ಮಾತಾಡುವುದು? "ಸಂದು ದೊಡ್ಡದಾಗೂದು ಬ್ಯಾಡ. ಕಾಲುಂಗುರ ಸಿಗ್ತದ" ಎಂದೆ.

"ಸುಭದ್ರಾ ವೈನ್ಯಾರು ಕಾಲುಂಗುರ ಕೊಟ್ಟು ಕಳಿಸ್ಯಾರ್ರಿ. ಅದರ ಅಳತಿ ಇಟ್ಕೊಂಡೇ ಮಾಡಾಕತ್ತೇನಿ" ಎಂದ. ಆಮೇಲೆ, "ಆಳಂದ ತಖ್ತಾದ ಮಾದರಿನೇ ಬೇಕಂದ್ರು. ನಾ ಬ್ಯಾಡಂದೆ, ಅವ್ರು ಕೇಳಲಿಲ್ಲ. ಮಣ್ಣಿಗೆ ಹೋಗಾವ್ರಿಗೆ ಮಾಡಿದ ಕಸುಬು ಆದ್ರೇನಾಯ್ತು, ನಾ ಅದರ ಮ್ಯಾಲ ನಿಂತು ಎರಕೊಳ್ಳಾಕಿ ಅಂದ್ರು."

ನಾನು ಅಲ್ಲೇ ನಿಂತಿದ್ದೆ. ಅವನೇ ಕೇಳಿದ: "ಆ ಬಚ್ಚಲ ಬಾಗಿಲಕ್ಕೂ ಸ್ವಲ್ಪ ರಂದಾ ಹೊಡೆದು ಕೂಡಿಸ್ಲೇನ್ರಿ ಅಣ್ಣಾರ? ಹೋದ ವರ್ಷನೇ ಬರಾಂವ ಇದ್ದೆ. ನೀವು ಕರೀಲಿಲ್ಲ."

ಬೇಡ, ಇರಲಿ ಎಂದು ಬಾಯಿಗೆ ಬಂದಿತ್ತು. ಹೊಡಿ ಎಂದೆ.

ಅಕ್ಟೋಬರ್ 29

ನೀರು ಕಾಯಿಸಿ, ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ ಎಲ್ಲ ಒಳಗಿಟ್ಟೆ. ಹಲಗೆ ಹಾಸಿತ್ತು. ಸುಭದ್ರೆ ಬಾಗಿಲ ಚೌಕಟ್ಟು ಹಿಡಿದು ಮೊದಲು ಆ ಕಾಲನ್ನೇ ಇಟ್ಟಳು. ಹೆದರುವ ಕಾಲು. ಹಲಗೆ ಅಲುಗಲಿಲ್ಲ. ಇನ್ನೊಂದು ಕಾಲಿಟ್ಟಳು. ನನ್ನ ತೋಳು ಮುಂದೆ ಚಾಚಿಯೇ ಇತ್ತು, ಅವಳು ಹಿಡಿಯಲಿಲ್ಲ. ಅದರ ಮೇಲೆ ನೆಟ್ಟಗೆ ನಿಂತು, ಎರಡೂ ಕೈ ಬಿಟ್ಟು ನನ್ನನ್ನು ನೋಡಿದಳು. ಹುಡುಗಿಯ ಮುಖವಾಗಿತ್ತು.

"ಇನ್ನ ನೀವು ಹೊರಗ ನಡೀರಿ" ಎಂದಳು.

ಬಾಗಿಲು ಮುಚ್ಚಿತು. ಸರಿಯಾಗಿ ಮುಚ್ಚಿತು, ಹಾಳಾದದ್ದು, ಒಂದು ಕೂದಲೂ ತೂರದಂತೆ. ಒಳಗಿನಿಂದ ಅಗಳಿ ಬಿತ್ತು.

ನಾನು ಹಿತ್ತಲಲ್ಲಿ ನಿಂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನನಗೆ ಬೇಕಾಗಿದ್ದು ಇದೇ ಅಲ್ಲವೇ, ವಾರದಲ್ಲಿ ಮುಗಿಸುತ್ತೇನೆ ಎಂದು ಮಗಳಿಗೆ ಹೇಳಿದ್ದು. ಡ್ಯೂಟಿಗೆ ಹೊತ್ತಾಗಿತ್ತು, ಕಾಲು ಮಾತ್ರ ಏಳಲಿಲ್ಲ. ಒಳಗೆ ನೀರಿನ ಸಪ್ಪಳ, ಅದರ ಜೊತೆ ಬಳೆಯ ಸಪ್ಪಳ. ಗೊಬ್ಬೂರಿನ ಬಳೆ. ಕಣ್ಣಲ್ಲಿ ನೀರು ಬಂತು. ಹೊಗೆಯೇನೂ ಇರಲಿಲ್ಲ.

"ಅಲ್ಲೇ ಅದಿರೇನ್ರಿ?" ಬಾಗಿಲ ಒಳಗಿನಿಂದ ಧ್ವನಿ ಬಂತು.

"ಅದೇನಿ."

"ಹೋಗಬ್ಯಾಡ್ರಿ. ಮಾತು ಕೊಟ್ಟೇನಿ, ಹೇಳಬೇಕು." ಒಂದು ಚರಿಗೆ ನೀರು ಬಿತ್ತು. "ಯಡ್ರಾಮ್ಯಾಗ ನಮ್ಮ ಮನಿ ಬಾಗಲಾಗ ಕಾಲು ತೊಳಿಯೋ ಹಾಸಗಲ್ಲು ಇತ್ತು. ನೆಪ್ಪದನ್ರಿ?"

ನಾನು ಬಾಗಿಲ ಹತ್ತಿರ ಸರಿದೆ.

"ನಿಮಗ ಕಾಲಿಗೆ ನೀರು ಕೊಟ್ರು. ಮುಂದಿನಾವ್ರೆಲ್ಲ ಒಳಗ ಹೋದ್ರು. ನೀವು ಹಿಂದ ಉಳಿದಿದ್ರಿ. ಕಲ್ಲಿನ ಮ್ಯಾಲ ಕಾಲಿಟ್ರಿ, ಸರ್ರಂತ ಜಾರಿ ಕುಂತೇ ಬಿಟ್ರಿ. ಎದ್ದು ಆಕಡೆ ಈಕಡೆ ನೋಡಿದ್ರಿ, ಯಾರರೆ ನೋಡಿದ್ರೇನಂತ. ನಾ ಬೆಳಕಿಂಡ್ಯಾಗಿಂದ ನೋಡಾಕತ್ತಿದ್ದೆ. ಧೋತರ ಹಿಂದೆಲ್ಲ ಹಸಿ. ಅದಕ್ಕಂತೇ ಒಳಗ ಬಂದಾವ್ರು ಗ್ವಾಡಿ ಬಿಟ್ಟು ಸರೀಲಿಲ್ಲ, ಕೂಡ್ರಿ ಅಂದ್ರ ಕೂಡಲಿಲ್ಲ. ನಮ್ಮಪ್ಪ ಅಂದ, ಹುಡುಗ ಎಷ್ಟು ಮರ್ಯಾದಸ್ಥ ನೋಡಂತ. ನಾ ಬಾಯಾಗ ಸೆರಗು ತುರುಕಿಕೊಂಡು ನಕ್ಕೆ. ಅಜ್ಜಿ ಚಿವುಟಿ ಕೇಳಿದ್ಲು, ಯಾಕ ನಗ್ತಿ, ಬ್ಯಾಡೇನಂತ. ಇವರನ್ನೇ ಮಾಡ್ಕೊಂತೇನಿ ಅಂದೆ."

ನೀರಿನ ಸಪ್ಪಳ ನಿಂತಿತ್ತು. ಮಾವ ಅಷ್ಟು ಮಂದಿಯ ಮುಂದೆ ಹೊಗಳುವಾಗಲೆಲ್ಲ ಇವಳು ಸೆರಗು ಸರಿಮಾಡಿಕೊಳ್ಳುತ್ತ ಪಕ್ಕದಲ್ಲೇ ನಿಂತಿರುತ್ತಿದ್ದಳು. ಒಮ್ಮೆಯೂ ಬಾಯಿ ಬಿಡಲಿಲ್ಲ. ದವಾಖಾನೆಯಲ್ಲಿ ಕಾಲು ಮುರಿದು ಮಲಗಿದಾಗ ನಾನು ಆ ಮಾತು ಅಂದೆನಲ್ಲ, ಆಗಲೂ ಬಿಡಲಿಲ್ಲ.

"ಆ ಕಲ್ಲು ಹಸಿ ಇತ್ತು" ಎಂದೆ.

ಒಳಗೆ ಇನ್ನೊಂದು ಚರಿಗೆ ನೀರು ಬಿತ್ತು.

"ಕುಣೀಲಾರದಾಂವ ಅಂಗಳ ಡೊಂಕ ಅಂದನಂತ್ರಿ" ಎಂದಳು. ಇಬ್ಬರೂ ನಕ್ಕೆವು, ನಡುವೆ ಮೌಲಾಲಿಯ ಬಾಗಿಲು. ಗೋಡೆಯಾಚೆ ಕುಲಸುಮಬಿ ಏನಾಯ್ತ್ರಿ ಅಣ್ಣಾರ ಎಂದು ಕೂಗುವವರೆಗೆ ನಕ್ಕೆವು.

ಕುದುರೆಯ ಕಥೆ ಇನ್ನೂ ಬಾಕಿ ಇದೆ. ನಾಳಿನ ನೀರಿಗೆ ತೊಗರಿ ಕಟ್ಟಿಗೆ ತಂದಿಟ್ಟಿದ್ದೇನೆ. ಗೌರಾ ಕಳಿಸಿದ ಜೇವರ್ಗಿಯ ಪಾಲಿಶ್ ಹಲಗೆ ಬಚ್ಚಲದ ಬಾಗಿಲ ಹೊರಗೆ ನಾನು ಕೂಡಲು ಸರಿಹೋಗುತ್ತದೆ.